ರಿನ್ಸ್ ಏಡ್ ಬದಲು ವಿನೆಗರ್ ತುಂಬಿಸಿದರೆ ಡಿಶ್‌ವಾಶರ್ ಸರಿಹೋಗುತ್ತದೆಯೇ?

ಡಿಶ್‌ವಾಶರ್‌ನಲ್ಲಿ ತೊಳೆದ ಗ್ಲಾಸಿನ ಮೇಲೆ ಬಿಳಿ ಕಲೆ ಉಳಿಯುತ್ತಿದೆಯೇ? ರಿನ್ಸ್ ಏಡ್ ಎಂಬ ರಾಸಾಯನಿಕ ಕರುಳಿಗೆ ತೂತು ಮಾಡುತ್ತದೆ, ಅದನ್ನು ಚೆಲ್ಲಿ ಆ ಜಾಗಕ್ಕೆ ವಿನೆಗರ್ ತುಂಬಿಸಿ, ಪಾತ್ರೆಗಳು ಫಳಫಳ ಹೊಳೆಯುತ್ತವೆ. ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಯಂತ್ರಕ್ಕೆ ಪೆಟ್ಟು ಬೀಳಬಹುದು, ಬೆಳ್ತಂಗಡಿ ಸುತ್ತಮುತ್ತಲಿನ ಬಾವಿ ನೀರಿಗಂತೂ ಈ ಸಲಹೆ ಹೊಂದುವುದೇ ಇಲ್ಲ.

ರಿನ್ಸ್ ಏಡ್ ಮಾಡುವ ಕೆಲಸ ಏನು?

ಪತ್ರೊಡೆಗೆಂದು ಕೊಯ್ದ ಕೆಸುವಿನ ಎಲೆಯ ಮೇಲೆ ನೀರು ಹಾಕಿದರೆ ಅದು ಹರಡದೆ ಮಣಿಮಣಿಯಾಗಿ ನಿಲ್ಲುತ್ತದೆ. ಪಾತ್ರೆಯ ಮೇಲೂ ನೀರು ಹೀಗೆ ಹನಿಯಾಗಿ ನಿಂತು ಆರಿದರೆ, ಹನಿ ಇದ್ದ ಜಾಗದಲ್ಲಿ ಅದರೊಳಗಿನ ಖನಿಜ ಉಳಿದು ಕಲೆಯಾಗುತ್ತದೆ. ರಿನ್ಸ್ ಏಡ್‌ನಲ್ಲಿರುವ ಸರ್ಫ್ಯಾಕ್ಟಂಟ್ ಎಂಬ ವಸ್ತು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಆಗ ನೀರು ತೆಳುವಾಗಿ ಹರಡಿ ಜಾರಿಹೋಗುತ್ತದೆ, ಪಾತ್ರೆ ಬೇಗ ಒಣಗುತ್ತದೆ.

ಬಾಗಿಲಿನ ಒಳಬದಿಯಲ್ಲಿ ಡಿಟರ್ಜೆಂಟ್ ಹಾಕುವ ಗುಂಡಿಯ ಪಕ್ಕದಲ್ಲೇ ಇದರ ಪುಟ್ಟ ತೊಟ್ಟಿ ಇರುತ್ತದೆ. ಸಾಮಾನ್ಯವಾಗಿ 100ರಿಂದ 150 ಮಿಲಿಲೀಟರ್ ಹಿಡಿಯುತ್ತದೆ. ಯಂತ್ರ ಕೊನೆಯ ಬಾರಿ ತೊಳೆಯುವಾಗ ಕೆಲವೇ ಮಿಲಿಲೀಟರ್ ಬಿಡುತ್ತದೆ.

ವಿನೆಗರ್‌ನಲ್ಲಿ ಇರುವುದು ಸುಮಾರು 4ರಿಂದ 5 ಶೇಕಡಾ ಅಸಿಟಿಕ್ ಆಮ್ಲ ಮತ್ತು ನೀರು, ಸರ್ಫ್ಯಾಕ್ಟಂಟ್ ಇಲ್ಲ. ಸುಣ್ಣದ ಕಲೆಯನ್ನು ಅದು ಕರಗಿಸಬಲ್ಲದು, ಆದರೆ ನೀರನ್ನು ಜಾರಿಸುವ ಕೆಲಸಕ್ಕೆ ಸಾಲದು. ಜೊತೆಗೆ, ತೊಟ್ಟಿಯಲ್ಲಿ ವಾರಗಟ್ಟಲೆ ನಿಂತ ಆಮ್ಲ ಅಲ್ಲಿನ ರಬ್ಬರ್ ಸೀಲನ್ನು ನಿಧಾನವಾಗಿ ಹಾಳುಮಾಡಬಹುದು. ಸೀಲ್ ಹೋದರೆ ತೊಟ್ಟಿ ಸೋರುತ್ತದೆ. ಚಿಕ್ಕ ತೊಂದರೆ ನೀಗಿಸಲು ಹೋಗಿ ದೊಡ್ಡದನ್ನು ಮನೆಗೆ ಕರೆದಂತೆ.

ಮೊದಲು ಕಲೆ ಯಾವುದೆಂದು ನೋಡಿ

ತೊಟ್ಟಿಯನ್ನು ದೂರುವ ಮುನ್ನ ಒಂದು ಒಣ ಗ್ಲಾಸ್ ಎತ್ತಿಕೊಳ್ಳಿ. ಒದ್ದೆ ಬಟ್ಟೆಯಿಂದ ಒರೆಸಿದಾಗ ನೀಲಿಛಾಯೆಯ ಪೊರೆ ಹೋಗಿಬಿಟ್ಟರೆ ರಿನ್ಸ್ ಏಡ್ ಹೆಚ್ಚಾಗಿದೆ ಎಂದರ್ಥ. ಹೋಗದಿದ್ದರೆ ಕಲೆಯ ಮೇಲೆ ಲಿಂಬೆರಸದ ಹನಿ ಬಿಟ್ಟು ಐದು ನಿಮಿಷದ ನಂತರ ತೊಳೆದು ಒಣಗಿಸಿ. ಆ ಜಾಗ ಮಾತ್ರ ಸ್ವಚ್ಛವಾದರೆ ಅದು ಗಡಸು ನೀರಿನ ಸುಣ್ಣ. ಲಿಂಬೆಗೂ ಜಗ್ಗದ ಮಬ್ಬಾದರೆ ಗಾಜೇ ಸವೆದಿದೆ, ಅದನ್ನು ಯಾವ ದ್ರವವೂ ಮರಳಿ ತರುವುದಿಲ್ಲ.

ನಮ್ಮ ಕಡೆಯವರು ಗಮನಿಸಬೇಕಾದದ್ದು ಈ ಮೂರನೆಯದನ್ನು. ದಕ್ಷಿಣ ಕನ್ನಡದ ಮುರಕಲ್ಲು ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ ಕೂಡ. ಮೆದು ನೀರು, ಹೆಚ್ಚು ಡಿಟರ್ಜೆಂಟ್, ಹೆಚ್ಚು ಬಿಸಿ ಮೂರೂ ಸೇರಿದಾಗ ಗಾಜು ಸವೆಯುತ್ತದೆ. ಗಡಸು ನೀರಿನ ಊರಿನವರಿಗಾಗಿ ಹೇಳಿದ ಸಲಹೆಯನ್ನು, ಅಂದರೆ ಪುಡಿ ಹೆಚ್ಚು ಹಾಕಿ, ಉಪ್ಪಿನ ಸೆಟ್ಟಿಂಗ್ ಏರಿಸಿ ಎಂಬುದನ್ನು, ಇಲ್ಲಿ ಪಾಲಿಸಿದರೆ ಮಬ್ಬು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು.

ಬೋರ್‌ವೆಲ್ ನೀರಿನ ಕತೆ ಬೇರೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ಖನಿಜ ಹೆಚ್ಚಿರುತ್ತದೆ, ಕೆಲವೆಡೆ ಕಬ್ಬಿಣದ ಅಂಶವೂ ಇದ್ದು ಯಂತ್ರದ ಒಳಗೆ ಕೆಂಪು ಕಲೆ ಹಿಡಿಯುತ್ತದೆ. ಮಳೆಗಾಲದಲ್ಲಿ ಬಾವಿ, ಏಪ್ರಿಲ್-ಮೇಯಲ್ಲಿ ಬೋರ್‌ವೆಲ್ ಬಳಸುವ ಮನೆಯಲ್ಲಿ ವರ್ಷಪೂರ್ತಿ ಒಂದೇ ಸೆಟ್ಟಿಂಗ್ ಇಟ್ಟರೆ ಒಂದಲ್ಲ ಒಂದು ಕಾಲದಲ್ಲಿ ಕಲೆ ಬಂದೇ ಬರುತ್ತದೆ.

ನೀರಿನ ಗಡಸುತನ ತಿಳಿಯಲು ಜಲ ಜೀವನ್ ಮಿಷನ್‌ನಡಿ ಗ್ರಾಮ ಪಂಚಾಯತ್‌ಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್ ಬಗ್ಗೆ ವಿಚಾರಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಅಂಕಿಯನ್ನು ಯಂತ್ರದ ಕೈಪಿಡಿಯ ಪಟ್ಟಿಯೊಂದಿಗೆ ಹೋಲಿಸಿ. ನೀರು ಮೆದುವಾಗಿದ್ದರೆ ಹಲವು ಯಂತ್ರಗಳಲ್ಲಿ ಉಪ್ಪಿನ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಬಹುದು.

ತೊಟ್ಟಿಯೇ ಕೆಟ್ಟಿದೆಯೇ ಎಂದು ತಿಳಿಯುವುದು

ತೊಟ್ಟಿಯನ್ನು ಗುರುತಿನವರೆಗೆ ತುಂಬಿಸಿ, ಚೆಲ್ಲಿದ್ದನ್ನು ಒರೆಸಿ, ಮುಚ್ಚಳವನ್ನು ಟಿಕ್ ಎನ್ನುವವರೆಗೆ ಒತ್ತಿ. ನಾಲ್ಕೈದು ಪೂರ್ಣ ವಾಶ್ ಆದಮೇಲೆ ಮಟ್ಟ ನೋಡಿ. ಸ್ವಲ್ಪ ಇಳಿದಿದ್ದರೆ ತೊಟ್ಟಿ ಸರಿಯಾಗಿದೆ, ಕಲೆಗೆ ಕಾರಣ ಬೇರೆ. ಒಂದೇ ವಾಶ್‌ಗೆ ಖಾಲಿಯಾಗಿ ಒಳಗೆ ನೊರೆ ತುಂಬಿದರೆ ಮುಚ್ಚಳದ ಸೀಲ್ ಹೋಗಿರಬಹುದು.

ಮಟ್ಟ ಇಳಿಯದೇ ಇದ್ದರೆ? ಬಹಳ ದಿನ ಬಳಸದೆ ಬಿಟ್ಟಾಗ ಹೊರದಾರಿಯಲ್ಲಿ ದ್ರವ ಅಂಟಾಗಿ ಕಟ್ಟಿಕೊಂಡಿರುತ್ತದೆ. ಯಾರೋ ತಪ್ಪಿ ಡಿಟರ್ಜೆಂಟ್ ಪುಡಿಯನ್ನು ಇದರೊಳಗೆ ಹಾಕಿರುವುದೂ ಉಂಟು. ಪ್ಲಗ್ ತೆಗೆದು, ಸೂಜಿ ಇಲ್ಲದ ಸಿರಿಂಜ್‌ನಿಂದ ಇದ್ದದ್ದನ್ನು ಹೀರಿ ತೆಗೆಯಿರಿ. ಉಗುರುಬೆಚ್ಚಗಿನ ನೀರು ಹಾಕಿ ಮತ್ತೆ ಹೀರಿ, ಸ್ವಚ್ಛವಾಗುವವರೆಗೆ ಇದನ್ನೇ ಮಾಡಿ. ಪಿನ್ನು, ಕಡ್ಡಿ ಹಾಕಿ ಚುಚ್ಚಬೇಡಿ. ಆಮೇಲೂ ಮಟ್ಟ ಇಳಿಯದಿದ್ದರೆ ತೊಟ್ಟಿಯ ಬಾಯಿ ತೆರೆಯುವ ವಿದ್ಯುತ್ ಭಾಗವನ್ನು ನೋಡಬೇಕಾಗುತ್ತದೆ. ಅದು ಬಾಗಿಲಿನ ಒಳಗಿದೆ, ಮೆಕ್ಯಾನಿಕ್ ಬರಲಿ.

ಮಳೆಗಾಲದಲ್ಲಿ ಇನ್ನೊಂದು ಸರಳ ಕಾರಣವಿದೆ: ಕರೆಂಟ್. ರಿನ್ಸ್ ಏಡ್ ಬೀಳುವುದು ಕೊನೆಯ ಹಂತದಲ್ಲಿ. ಅದಕ್ಕೂ ಮೊದಲೇ ವಿದ್ಯುತ್ ಹೋಗಿ, ನಾವು ಪಾತ್ರೆ ತೆಗೆದುಬಿಟ್ಟರೆ ತೊಟ್ಟಿಯದೇನು ತಪ್ಪು? ಪ್ಲಾಸ್ಟಿಕ್ ಡಬ್ಬಿಗಳು ಒದ್ದೆಯಾಗಿ ಉಳಿಯುವುದಕ್ಕೂ ತೊಟ್ಟಿ ಕಾರಣವಲ್ಲ. ಪ್ಲಾಸ್ಟಿಕ್ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ, ಅಷ್ಟೇ.

ಕರುಳಿಗೆ ಹಾನಿ ಎಂಬುದು ಎಲ್ಲಿಂದ ಬಂತು?

ಇದು ಪೂರ್ತಿ ಕಟ್ಟುಕತೆಯಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಅಲರ್ಜಿ ಮತ್ತು ಆಸ್ತಮಾ ಸಂಶೋಧನಾ ಸಂಸ್ಥೆಯ ತಂಡವೊಂದರ ಅಧ್ಯಯನ 2023ರಲ್ಲಿ ಅಲರ್ಜಿ ವಿಜ್ಞಾನದ ಹೆಸರಾಂತ ಪತ್ರಿಕೆಯಲ್ಲಿ ಪ್ರಕಟವಾಯಿತು. ರಿನ್ಸ್ ಏಡ್‌ನಲ್ಲಿರುವ ಆಲ್ಕೋಹಾಲ್ ಎಥಾಕ್ಸಿಲೇಟ್ ಎಂಬ ಸರ್ಫ್ಯಾಕ್ಟಂಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಹಾನಿ ಮಾಡುತ್ತದೆ ಎಂದು ಅದು ಕಂಡುಕೊಂಡಿತು.

ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವ ಸಂಗತಿ ಎರಡು. ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಮೇಲೆ, ಜನರ ಮೇಲಲ್ಲ. ಮತ್ತು ತಂಡ ಮುಖ್ಯವಾಗಿ ಎಚ್ಚರಿಸಿದ್ದು ಹೋಟೆಲ್, ಕ್ಯಾಂಟೀನ್‌ಗಳ ದೊಡ್ಡ ಯಂತ್ರಗಳ ಬಗ್ಗೆ. ಅವು ಒಂದೆರಡು ನಿಮಿಷದಲ್ಲಿ ತೊಳೆದು ಮುಗಿಸುತ್ತವೆ, ಕೊನೆಯಲ್ಲಿ ಹಾಕಿದ ರಿನ್ಸ್ ಏಡನ್ನು ತೊಳೆಯಲು ಬಹುತೇಕ ಇನ್ನೊಂದು ಸುತ್ತು ಇರುವುದಿಲ್ಲ. ಮನೆಯ ಯಂತ್ರದಲ್ಲೂ ತೀರಾ ಅಲ್ಪ ಪ್ರಮಾಣ ಪಾತ್ರೆಯ ಮೇಲೆ ಉಳಿಯುತ್ತದೆ, ಹಾಗಾಗಿ ಈ ಆತಂಕವನ್ನು ನಾವು ನಕ್ಕು ತಳ್ಳಿಹಾಕುವುದಿಲ್ಲ.

ಅದಕ್ಕೆ ಪರಿಹಾರ ತೊಟ್ಟಿಯ ಒಳಗೇ ಇದೆ. ಪ್ರಮಾಣ ಬದಲಿಸುವ ಅಂಕಿಯೊಂದು ಅಲ್ಲಿ ಅಥವಾ ಯಂತ್ರದ ಮೆನುವಿನಲ್ಲಿ ಇರುತ್ತದೆ, ಅದನ್ನು ಅತಿ ಕಡಿಮೆಗೆ ಇಳಿಸಿ. ಮೆದು ನೀರಿನ ಮನೆಗೆ ಬಹುಪಾಲು ಅಷ್ಟು ಸಾಕು. ಅದನ್ನೂ ಬೇಡವೆನ್ನುವವರು ತೊಟ್ಟಿಯನ್ನು ಖಾಲಿ ಬಿಡಬಹುದು, ಯಂತ್ರ ಓಡುತ್ತದೆ. ದೀಪ ಉರಿಯುತ್ತಿರುತ್ತದೆ, ಗ್ಲಾಸುಗಳನ್ನು ಬಟ್ಟೆಯಲ್ಲಿ ಒರೆಸಿಡಬೇಕಾಗುತ್ತದೆ.