13 ಡಾಲರ್ 40 ಸೆಂಟಿನ ಬಂದೂಕು



ಒಂದು ಬಂದೂಕು ತಯಾರಿಸಲು ಎಷ್ಟು ಖರ್ಚು ಬೀಳುತ್ತದೆ? ಕಬ್ಬಿಣ, ಮರ, ಕೂಲಿ ಮೂರನ್ನೂ ಕೂಡಿಸಿದರೆ ಮುಗಿಯಿತು ಎನ್ನುತ್ತೀರಾ? ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಸರ್ಕಾರವೂ ಹೆಚ್ಚುಕಡಿಮೆ ಹಾಗೆಯೇ ಲೆಕ್ಕ ಹಾಕುತ್ತಿತ್ತು. ಅದನ್ನು ಪ್ರಶ್ನಿಸಿದವನು ಎಲಿ ವಿಟ್ನಿ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರಕ್ಕೆ ಹೆಸರಾದವನು ಈತ. ಹೆಸರು ಬಂದರೂ ಹಣ ಬರಲಿಲ್ಲ. ಪೇಟೆಂಟ್ ವ್ಯಾಜ್ಯಗಳಲ್ಲಿ ಸಿಕ್ಕಿ ಸಾಲಗಾರನಾದ. 1798ರಲ್ಲಿ ಫ್ರಾನ್ಸ್ ಜೊತೆ ಯುದ್ಧವಾದೀತೆಂಬ ಭಯ ಹುಟ್ಟಿದಾಗ, ಅದುವರೆಗೆ ಒಂದೂ ಬಂದೂಕು ಮಾಡದಿದ್ದ ವಿಟ್ನಿ 10,000 ಬಂದೂಕುಗಳ ಗುತ್ತಿಗೆ ಹಿಡಿದ. ಒಂದಕ್ಕೆ 13 ಡಾಲರ್ 40 ಸೆಂಟ್, ಒಟ್ಟು 1,34,000 ಡಾಲರ್. ಮುಂಗಡ 5,000 ಡಾಲರ್. ಧೈರ್ಯವೋ, ಭಂಡತನವೋ ನೀವೇ ಹೇಳಿ!

ಎಲ್ಲವನ್ನೂ 1800ರ ಸೆಪ್ಟೆಂಬರ್ ಒಳಗೆ ಕೊಡಬೇಕಿತ್ತು. ಕೊನೆಯ ಕಂತು ಕೊಟ್ಟದ್ದು 1809ರಲ್ಲಿ. ಅಷ್ಟೂ ವರ್ಷ ದುಡ್ಡು ಹೋದದ್ದೆಲ್ಲಿಗೆ? ನ್ಯೂ ಹೇವನ್ ಪಟ್ಟಣದ ಪಕ್ಕದ ಹೊಳೆಗೆ ಕಟ್ಟೆ ಬೇಕು, ಅದರ ನೀರಿನಿಂದ ತಿರುಗುವ ಯಂತ್ರ ಬೇಕು, ಕುಲುಮೆ ಬೇಕು, ಕೆಲಸಗಾರರಿಗೆ ಮನೆ ಬೇಕು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸುತ್ತಿ, ಬೆಸೆದು ನಳಿಗೆ ಮಾಡಿದ ಮೇಲೆ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಬೇಕು. ಒಡೆದರೆ ಕಬ್ಬಿಣವೂ ಹೋಯಿತು, ಕೂಲಿಯೂ ಹೋಯಿತು. ಆ ನಷ್ಟವನ್ನು ಒಡೆಯದೆ ಉಳಿದ ನಳಿಗೆಗಳೇ ಹೊರಬೇಕು.

ಸರ್ಕಾರದ ಶಸ್ತ್ರಾಗಾರದಲ್ಲಿ ಇನ್ನೂ ಅಗ್ಗವಾಗಿ ಆಗುತ್ತದಲ್ಲ ಎಂದು ಟೀಕಾಕಾರರು ಕೇಳಿದರು. ವಿಟ್ನಿಯ ಉತ್ತರ ನನಗೆ ಬಹಳ ಹಿಡಿಸುತ್ತದೆ: ನಿಮ್ಮ ಲೆಕ್ಕದಲ್ಲಿ ಯಂತ್ರಗಳ ಖರ್ಚೆಲ್ಲಿ, ವಿಮೆಯೆಲ್ಲಿ? ಅವನ್ನೂ ಸೇರಿಸಿದರೆ ಸರ್ಕಾರದ ಬಂದೂಕು ಅಷ್ಟೇನೂ ಅಗ್ಗವಲ್ಲ ಎಂದು ಲೆಕ್ಕ ಮಾಡಿ ತೋರಿಸಿದ. ಪಿಂಪ್ರಿ-ಚಿಂಚವಾಡದಲ್ಲೋ ಥಾಣೆಯಲ್ಲೋ ಕಾಸ್ಟಿಂಗ್ ವಿಭಾಗದಲ್ಲಿ ಕೂತಿರುವ ನಮ್ಮ ಕೇಳುಗರು ಇದನ್ನು ಓದಿ ನಗುತ್ತಿರಬೇಕು. ಓವರ್‌ಹೆಡ್ ಬಿಟ್ಟು ಕೊಟೇಶನ್ ಹಾಕುವವರು ಇಂದಿಗೂ ಇದ್ದಾರಲ್ಲ!

ಆದರೆ ವಿಟ್ನಿಯ ಇನ್ನೊಂದು ಮಾತನ್ನು ನಂಬುವಂತಿಲ್ಲ. 1801ರಲ್ಲಿ ಅಧ್ಯಕ್ಷ ಆಡಮ್ಸ್ ಮತ್ತು ಜೆಫರ್ಸನ್ ಮುಂದೆ, ಯಾವ ಬಂದೂಕಿನ ಭಾಗ ಯಾವುದಕ್ಕಾದರೂ ಕೂರುತ್ತದೆಂದು ಜೋಡಿಸಿ ತೋರಿಸಿದ್ದ. ಉಳಿದಿರುವ ಅವನ ಬಂದೂಕುಗಳನ್ನು ಮುಂದೆ ಪರೀಕ್ಷಿಸಿದಾಗ ಭಾಗಗಳು ಹಾಗೆ ಅದಲುಬದಲಾಗಲಿಲ್ಲ. ಕೊನೆಗೆ ಅರ ಹಿಡಿದು ಉಜ್ಜಿಯೇ ಹೊಂದಿಸಬೇಕಿತ್ತು. ಉಜ್ಜುವ ಪ್ರತಿ ಗಂಟೆಗೂ ಕೂಲಿ.

ಆ ಮಾತನ್ನು ನಿಜ ಮಾಡಿದವನು ಹಾರ್ಪರ್ಸ್ ಫೆರ್ರಿಯ ಸರ್ಕಾರಿ ಶಸ್ತ್ರಾಗಾರದಲ್ಲಿದ್ದ ಜಾನ್ ಹಾಲ್. 1820ರ ದಶಕದಲ್ಲಿ ಆತ ಪ್ರತಿ ಭಾಗವನ್ನೂ ಗೇಜ್ ಇಟ್ಟು ಅಳೆದು, ಯಂತ್ರದಲ್ಲೇ ಕೊರೆದು ಮಾಡಿಸಿದ. ಅದಲುಬದಲಾಯಿತು, ಸರಿ. ಬೆಲೆ ಇಳಿಯಿತೇ? ಇಲ್ಲ, ಏರಿತು! ಅಷ್ಟೊಂದು ಗೇಜು, ಯಂತ್ರಗಳ ಖರ್ಚನ್ನು ಕೆಲವೇ ಸಾವಿರ ರೈಫಲ್‌ಗಳು ಹೊರಬೇಕಿತ್ತು. ಆದರೂ ಸೈನ್ಯ ಹಣ ಕೊಟ್ಟಿತು. ರಣರಂಗದಲ್ಲಿ ಒಂದು ತಿರುಪು ಮುರಿದರೆ ಕಮ್ಮಾರನನ್ನು ಹುಡುಕಿಕೊಂಡು ಹೋಗುವಷ್ಟು ಪುರಸೊತ್ತು ಸಿಪಾಯಿಗೆ ಇರುವುದಿಲ್ಲವಲ್ಲ.