ಆಲ್ಬರ್ಟೊ ಫುಜಿಮೋರಿ

ದಕ್ಷಿಣ ಅಮೆರಿಕದ ಪೆರು ದೇಶವನ್ನು 1990ರ ಜುಲೈಯಿಂದ 2000ದ ನವೆಂಬರ್‌ವರೆಗೆ ಆಳಿದ ಬಲಪಂಥೀಯ ಅಧ್ಯಕ್ಷ (1938-2024). ಹಣದುಬ್ಬರದಲ್ಲಿ ಮುಳುಗಿದ್ದ ಆರ್ಥಿಕತೆಯನ್ನು ಮೇಲೆತ್ತಿದವನೆಂದೂ ಮಾವೋವಾದಿ ಬಂಡಾಯದ ಬೆನ್ನು ಮುರಿದವನೆಂದೂ ಈತನನ್ನು ಕೊಂಡಾಡುವವರು ಪೆರುವಿನಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಸಂಸತ್ತನ್ನು ಮುಚ್ಚಿಸಿ, ಸೈನ್ಯದೊಳಗಿನ ಕೊಲೆಪಡೆಗೆ ಆಸರೆಯಾಗಿ, ಲಂಚವನ್ನೇ ಆಡಳಿತದ ಪದ್ಧತಿಯಾಗಿಸಿದವನೆಂದು ಖಂಡಿಸುವವರೂ ಕಡಿಮೆಯಿಲ್ಲ. ಪ್ರಜೆಗಳ ಮತದಿಂದ ಅಧಿಕಾರಕ್ಕೆ ಬಂದು, ಮಾನವ ಹಕ್ಕುಗಳ ಉಲ್ಲಂಘನೆಗಾಗಿ ತನ್ನದೇ ದೇಶದ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ ಮೊದಲ ರಾಷ್ಟ್ರಮುಖ್ಯಸ್ಥನೀತ.

ಜಪಾನಿನ ಕುಮಾಮೊಟೊ ಪ್ರಾಂತದಿಂದ ವಲಸೆ ಬಂದ ದಂಪತಿಗಳ ಮಗನಾಗಿ ಫುಜಿಮೋರಿ ರಾಜಧಾನಿ ಲಿಮಾದಲ್ಲಿ 1938ರ ಜುಲೈ 28ರಂದು ಹುಟ್ಟಿದ. ಲಾ ಮೊಲಿನಾದ ರಾಷ್ಟ್ರೀಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಓದಿ 1961ರಲ್ಲಿ ಪದವಿ ಪಡೆದ ಈತ, ಮುಂದೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗಣಿತದ ಸ್ನಾತಕೋತ್ತರ ಪದವಿಯನ್ನೂ ಗಳಿಸಿ, ತಾನು ಓದಿದ ವಿಶ್ವವಿದ್ಯಾಲಯಕ್ಕೇ 1984ರಲ್ಲಿ ಮುಖ್ಯಸ್ಥನಾದ. ಸರ್ಕಾರಿ ದೂರದರ್ಶನದಲ್ಲಿ ಚರ್ಚಾ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟದ್ದನ್ನು ಬಿಟ್ಟರೆ ಐವತ್ತು ದಾಟುವವರೆಗೂ ಈತನಿಗೆ ಸಾರ್ವಜನಿಕ ಜೀವನದ ಪರಿಚಯ ಹೆಚ್ಚೇನೂ ಇರಲಿಲ್ಲ.

1990ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆಲ್ಲುವ ಅಭ್ಯರ್ಥಿಯೆಂದು ಎಲ್ಲರೂ ನಂಬಿದ್ದು ಕಾದಂಬರಿಕಾರ ಮಾರಿಯೊ ವರ್ಗಾಸ್ ಯೋಸಾನನ್ನು. ಸಬ್ಸಿಡಿಗಳನ್ನು ಒಮ್ಮೆಲೇ ತೆಗೆದು ಬೆಲೆಗಳನ್ನು ಮಾರುಕಟ್ಟೆಗೆ ಬಿಡಬೇಕೆಂದು ಆತ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಅದರಿಂದ ಹೆದರಿದ ಬಡವರ ಮುಂದೆ ಫುಜಿಮೋರಿ ಅಂಥ ಆಘಾತ ಚಿಕಿತ್ಸೆ ಬೇಡವೆಂದು ಪ್ರಚಾರ ಮಾಡಿದ. ಬಿಳಿಯ ಗಣ್ಯರ ಹಿಡಿತದಲ್ಲಿದ್ದ ರಾಜಕಾರಣಕ್ಕೆ ಹೊರಗಿನವನಾಗಿದ್ದುದೇ ಈತನ ಬಲವಾಯಿತು. ‘ಕಾಂಬಿಯೊ 90’ ಎಂಬ ಹೊಸ ಪಕ್ಷದಿಂದ ನಿಂತು, ಜೂನ್ 10ರ ಎರಡನೆಯ ಸುತ್ತಿನಲ್ಲಿ ಶೇ. 62ರಷ್ಟು ಮತ ಪಡೆದು ಗೆದ್ದ.

ಅಧಿಕಾರ ಸ್ವೀಕರಿಸಿ ಎರಡು ವಾರ ಕಳೆಯುವ ಮೊದಲೇ, ಆಗಸ್ಟ್ 8ರಂದು, ತಾನು ವಿರೋಧಿಸಿದ್ದ ಅದೇ ಚಿಕಿತ್ಸೆಯನ್ನು ಈತ ಜಾರಿಗೆ ತಂದ. ಪೆಟ್ರೋಲಿನ ಬೆಲೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಸುಮಾರು ಮೂವತ್ತು ಪಟ್ಟು ಏರಿತು, ಬ್ರೆಡ್ಡು ಹಾಲುಗಳ ಬೆಲೆಯೂ ಅದರ ಹಿಂದೆಯೇ ಏರಿ ಲಕ್ಷಾಂತರ ಕುಟುಂಬಗಳು ಒಂದೇ ದಿನದಲ್ಲಿ ಕಡುಬಡತನಕ್ಕೆ ಬಿದ್ದವು. ಆ ವರ್ಷ ಶೇ. 7,000ವನ್ನೂ ಮೀರಿದ್ದ ಹಣದುಬ್ಬರ ದಶಕದ ಕೊನೆಗೆ ಶೇ. 4ಕ್ಕಿಂತ ಕೆಳಗಿಳಿಯಿತು, ಬೆಲೆ ಕಳೆದುಕೊಂಡ ‘ಇಂಟಿ’ ನಾಣ್ಯದ ಜಾಗದಲ್ಲಿ, ಹತ್ತು ಲಕ್ಷ ಇಂಟಿಗೆ ಒಂದರಂತೆ, 1991ರಲ್ಲಿ ‘ಹೊಸ ಸೋಲ್’ ಬಂತು, ದೂರವಾಣಿ, ಗಣಿ, ವಿದ್ಯುತ್ ಕ್ಷೇತ್ರಗಳ ಸರ್ಕಾರಿ ಉದ್ಯಮಗಳು ಖಾಸಗಿಯವರ ಪಾಲಾದವು. ಈ ಚೇತರಿಕೆ ನಿಜವಾದುದು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದರ ಮೂಲ ಯೋಜನೆ ಸೋತ ಎದುರಾಳಿಯದು ಎಂಬುದನ್ನೂ, ಅದರ ಮೊದಲ ಹಾಗೂ ಅತಿ ಕಠಿಣ ಹೆಜ್ಜೆಯನ್ನು ಸಂಸತ್ತು ತೆರೆದಿದ್ದಾಗಲೇ ಇಡಲಾಯಿತು ಎಂಬುದನ್ನೂ ಮರೆಯುವಂತಿಲ್ಲ.

ಆ ಸಂಸತ್ತನ್ನು ಫುಜಿಮೋರಿ 1992ರ ಏಪ್ರಿಲ್ 5ರ ರಾತ್ರಿ ದೂರದರ್ಶನ ಭಾಷಣವೊಂದರ ಮೂಲಕ ವಿಸರ್ಜಿಸಿದ. ಲಿಮಾದ ಬೀದಿಗಳಿಗೆ ಟ್ಯಾಂಕುಗಳು ಇಳಿದವು, ನ್ಯಾಯಾಂಗದ ಕೆಲಸ ಸ್ಥಗಿತಗೊಂಡಿತು, ಪತ್ರಕರ್ತ ಗುಸ್ತಾವೊ ಗೊರಿಟಿಯನ್ನು ಸೈನಿಕರು ಮನೆಯಿಂದ ಎಳೆದೊಯ್ದರು. ಅಧಿಕಾರದಲ್ಲಿರುವವನೇ ಸೈನ್ಯದ ನೆರವಿನಿಂದ ಸಂವಿಧಾನವನ್ನು ಬದಿಗೊತ್ತಿ ಎಲ್ಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಳ್ಳುವ ಇಂಥ ಕ್ರಮಕ್ಕೆ ರಾಜ್ಯಶಾಸ್ತ್ರದಲ್ಲಿ ಸ್ವಯಂಕ್ರಾಂತಿ ಎನ್ನುತ್ತಾರೆ. ಹಳೆಯ ಪಕ್ಷಗಳಿಂದ ರೋಸಿಹೋಗಿದ್ದ ಜನರಲ್ಲಿ ಬಹುಪಾಲು ಮಂದಿ ಅದನ್ನು ಸ್ವಾಗತಿಸಿದ್ದು ವಾಸ್ತವ. ವಿದೇಶಗಳ ಒತ್ತಡಕ್ಕೆ ಮಣಿದು ವರ್ಷದ ಕೊನೆಗೆ ಸಂವಿಧಾನ ಸಭೆಯೊಂದಕ್ಕೆ ಚುನಾವಣೆ ನಡೆಯಿತು. ಅದು ರಚಿಸಿದ, ಅಧ್ಯಕ್ಷನ ಮರುಆಯ್ಕೆಗೆ ಅವಕಾಶವಿದ್ದ ಹೊಸ ಸಂವಿಧಾನ 1993ರ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ಅಂಗೀಕಾರವಾಯಿತು.

ಸ್ವಯಂಕ್ರಾಂತಿಯನ್ನು ಸಮರ್ಥಿಸುವವರು ಇಂದಿಗೂ ಮುಂದಿಡುವ ಮುಖ್ಯ ವಾದ ಶೈನಿಂಗ್ ಪಾತ್ ಸಂಘಟನೆಯ ಸೋಲು. ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಅಬಿಮಾಯೆಲ್ ಗುಸ್ಮಾನ್ ಕಟ್ಟಿದ ಈ ಮಾವೋವಾದಿ ಗುಂಪು 1980ರಿಂದ ಆಂಡೀಸ್ ಪರ್ವತದ ಹಳ್ಳಿಗಳಲ್ಲಿ ರಕ್ತಪಾತ ನಡೆಸುತ್ತ ಬಂದು, 1992ರ ಜುಲೈಯಲ್ಲಿ ಲಿಮಾದ ಶ್ರೀಮಂತ ಬಡಾವಣೆ ಮಿರಾಫ್ಲೋರೆಸ್‌ನಲ್ಲಿ ಕಾರ್ ಬಾಂಬ್ ಸಿಡಿಸುವಷ್ಟು ಹತ್ತಿರ ಬಂದಿತ್ತು. ಅದೇ ವರ್ಷದ ಸೆಪ್ಟೆಂಬರ್ 12ರಂದು ಗುಸ್ಮಾನ್ ಸೆರೆಸಿಕ್ಕಿದ. ಆದರೆ ಆತನನ್ನು ಹಿಡಿದದ್ದು ಫುಜಿಮೋರಿ ಅಧಿಕಾರಕ್ಕೆ ಬರುವ ಮೊದಲೇ, 1990ರ ಮಾರ್ಚ್‌ನಲ್ಲಿ, ರಚನೆಯಾಗಿದ್ದ ಪೊಲೀಸರ ಒಂದು ಚಿಕ್ಕ ವಿಶೇಷ ಗುಪ್ತಚರ ತಂಡ. ಶಂಕಿತರ ಮನೆಗಳ ಮೇಲೆ ತಿಂಗಳುಗಟ್ಟಲೆ ಕಣ್ಣಿಟ್ಟು, ಹೊರಗೆಸೆದ ಕಸವನ್ನು ಹೆಕ್ಕಿ ನೋಡಿ, ಗುಸ್ಮಾನನಿಗಿದ್ದ ಚರ್ಮರೋಗದ ಮುಲಾಮಿನ ಖಾಲಿ ಟ್ಯೂಬುಗಳ ಜಾಡು ಹಿಡಿದು ಅವರು ಸುರ್ಕಿಯೊ ಬಡಾವಣೆಯ ನೃತ್ಯಶಾಲೆಯೊಂದರ ಮಹಡಿಯನ್ನು ತಲುಪಿದರು. ಒಂದು ಗುಂಡೂ ಯಾರ ಪ್ರಾಣವನ್ನೂ ತೆಗೆಯಲಿಲ್ಲ. ಮುಚ್ಚಿದ ಸಂಸತ್ತಿಗೂ ಈ ತಾಳ್ಮೆಯ ಪತ್ತೇದಾರಿಕೆಗೂ ಯಾವ ಸಂಬಂಧವೂ ಇರಲಿಲ್ಲ.

ಫುಜಿಮೋರಿಯ ಆಡಳಿತಕ್ಕೆ ನೇರ ಸಂಬಂಧವಿದ್ದದ್ದು ಬೇರೊಂದು ತಂಡದೊಂದಿಗೆ. ಸೈನ್ಯದ ಗುಪ್ತಚರ ವಿಭಾಗದವರಿಂದ ಕೂಡಿದ ‘ಕೊಲಿನಾ’ ಎಂಬ ಈ ಪಡೆ 1991ರ ನವೆಂಬರ್ 3ರಂದು ಲಿಮಾದ ಬಾರಿಯೋಸ್ ಆಲ್ಟೋಸ್‌ನಲ್ಲಿ ಔತಣಕೂಟವೊಂದಕ್ಕೆ ನುಗ್ಗಿ ಎಂಟು ವರ್ಷದ ಬಾಲಕನೂ ಸೇರಿದಂತೆ 15 ಜನರನ್ನು ಕೊಂದಿತು. 1992ರ ಜುಲೈ 18ರಂದು ಲಾ ಕಾಂಟೂಟಾ ವಿಶ್ವವಿದ್ಯಾಲಯದಿಂದ ಒಂಬತ್ತು ವಿದ್ಯಾರ್ಥಿಗಳನ್ನೂ ಒಬ್ಬ ಪ್ರಾಧ್ಯಾಪಕನನ್ನೂ ಹೊತ್ತೊಯ್ದು ಕೊಂದು ಹೂತುಹಾಕಿತು. 1995ರಲ್ಲಿ ಹೊರಡಿಸಿದ ಕ್ಷಮಾದಾನ ಕಾನೂನು ಈ ಕೊಲೆಗಾರರನ್ನು ಬಿಡುಗಡೆ ಮಾಡಿತು.

ಆ ವರ್ಷವೇ ವಿಶ್ವಸಂಸ್ಥೆಯ ಮಾಜಿ ಮಹಾ ಕಾರ್ಯದರ್ಶಿ ಹಾವಿಯೆರ್ ಪೆರೆಸ್ ದೆ ಕ್ವೆಯಾರ್‌ನನ್ನು ಸುಲಭವಾಗಿ ಸೋಲಿಸಿ ಫುಜಿಮೋರಿ ಎರಡನೆಯ ಅವಧಿಗೆ ಆಯ್ಕೆಯಾದ. 1996ರ ಡಿಸೆಂಬರ್‌ನಲ್ಲಿ ಟುಪಾಕ್ ಅಮಾರು ಬಂಡುಕೋರರು ಜಪಾನಿ ರಾಯಭಾರಿಯ ನಿವಾಸವನ್ನು ವಶಪಡಿಸಿಕೊಂಡಾಗ, ನಾಲ್ಕು ತಿಂಗಳ ಬಳಿಕ ಸುರಂಗ ಕೊರೆದು ದಾಳಿ ಮಾಡಿದ ಸೈನಿಕರು 72 ಒತ್ತೆಯಾಳುಗಳಲ್ಲಿ ಒಬ್ಬನನ್ನುಳಿದು ಎಲ್ಲರನ್ನೂ ಜೀವಂತ ಬಿಡಿಸಿದರು. 1998ರಲ್ಲಿ ಎಕ್ವಡಾರ್‌ನೊಂದಿಗಿನ ಹಳೆಯ ಗಡಿವಿವಾದವೂ ಒಪ್ಪಂದದಲ್ಲಿ ಮುಗಿಯಿತು. ಈ ಯಶಸ್ಸುಗಳ ನಡುವೆ ಮರೆಯಾಗಿ ಉಳಿದದ್ದು 1996ರಿಂದ 2000ದವರೆಗೆ ನಡೆದ ಕುಟುಂಬ ಯೋಜನೆ ಕಾರ್ಯಕ್ರಮ. ಅದರಡಿ 2,70,000ಕ್ಕೂ ಹೆಚ್ಚು ಹೆಂಗಸರಿಗೆ ಮತ್ತು ಸುಮಾರು 22,000 ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆರೋಗ್ಯ ಸಿಬ್ಬಂದಿಗೆ ಗುರಿ ನಿಗದಿಯಾಗಿತ್ತು. ಸ್ಪ್ಯಾನಿಷ್ ಓದಲು ಬಾರದ, ಕೆಚುವಾ ಮಾತನಾಡುವ ಬಡ ಹಳ್ಳಿಗಾಡಿನ ಸಾವಿರಾರು ಹೆಂಗಸರನ್ನು ಬೆದರಿಸಿ, ಆಹಾರದ ಆಸೆ ತೋರಿಸಿ, ಕೆಲವೊಮ್ಮೆ ಏನು ನಡೆಯುತ್ತಿದೆಯೆಂದೂ ಹೇಳದೆ ಶಸ್ತ್ರಚಿಕಿತ್ಸೆಗೆ ಒಳಪಡಿಸಲಾಯಿತು. ಫುಜಿಮೋರಿಯ ಚರಿತ್ರೆಯಲ್ಲಿ ಅತ್ಯಂತ ಹೆಚ್ಚು ಜನರನ್ನು ಮುಟ್ಟಿದ ಅನ್ಯಾಯವಿದು. ಈ ಆರೋಪದಲ್ಲಿ ಆತನಿಗೆ ಶಿಕ್ಷೆಯೇ ಆಗಲಿಲ್ಲ.

ಪತನ ಬಂದದ್ದು ಬಲಗೈ ಬಂಟ ವ್ಲಾದಿಮಿರೊ ಮೊಂಟೆಸಿನೋಸ್‌ನ ಮೂಲಕ. ಸೈನ್ಯದಿಂದ ಹೊರಹಾಕಲ್ಪಟ್ಟ ಈ ಮಾಜಿ ಕ್ಯಾಪ್ಟನ್ ರಾಷ್ಟ್ರೀಯ ಗುಪ್ತಚರ ಸೇವೆಯನ್ನು ತೆರೆಮರೆಯಿಂದ ನಡೆಸುತ್ತ, ನ್ಯಾಯಾಧೀಶರು, ಶಾಸಕರು, ಟಿವಿ ವಾಹಿನಿಗಳ ಮಾಲೀಕರಿಗೆ ಕೊಡುತ್ತಿದ್ದ ಲಂಚವನ್ನು ತಾನೇ ವಿಡಿಯೋದಲ್ಲಿ ದಾಖಲಿಸಿಟ್ಟಿದ್ದ. ಎದುರಾಳಿ ಅಲೆಹಾಂದ್ರೊ ಟೊಲೆಡೊ ಬಹಿಷ್ಕರಿಸಿದ ಎರಡನೆಯ ಸುತ್ತಿನಲ್ಲಿ ಮೂರನೆಯ ಬಾರಿಗೆ ಫುಜಿಮೋರಿ ಗೆದ್ದ ಕೆಲವೇ ತಿಂಗಳಿಗೆ, 2000ದ ಸೆಪ್ಟೆಂಬರ್ 14ರಂದು, ವಿರೋಧ ಪಕ್ಷದ ಶಾಸಕನೊಬ್ಬ ಮೊಂಟೆಸಿನೋಸ್‌ನಿಂದ 15,000 ಡಾಲರ್ ಪಡೆಯುವ ದೃಶ್ಯ ಪ್ರಸಾರವಾಯಿತು. ನವೆಂಬರ್‌ನಲ್ಲಿ ಶೃಂಗಸಭೆಗೆಂದು ಬ್ರೂನೈಗೆ ಹೋದ ಅಧ್ಯಕ್ಷ ಅಲ್ಲಿಂದ ಟೋಕಿಯೊಗೆ ತೆರಳಿ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳಿಸಿದ. ಸಂಸತ್ತು ಅದನ್ನು ಸ್ವೀಕರಿಸದೆ, ‘ಶಾಶ್ವತ ನೈತಿಕ ಅಸಮರ್ಥತೆ’ಯ ಕಾರಣಕ್ಕೆ ಆತನನ್ನು ವಜಾ ಮಾಡಿತು.

ಫುಜಿಮೋರಿಗೆ ಜಪಾನಿ ಪೌರತ್ವವೂ ಇದ್ದುದರಿಂದ ಜಪಾನ್ ಆತನನ್ನು ಪೆರುವಿಗೆ ಒಪ್ಪಿಸಲಿಲ್ಲ. 2005ರಲ್ಲಿ ತಾನಾಗಿಯೇ ಚಿಲಿಗೆ ಬಂದಿಳಿದಾಗ ಬಂಧಿತನಾದ ಈತನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲಿ ಪೆರುವಿಗೆ ಕಳಿಸಿಕೊಟ್ಟಿತು. ಟಿವಿಯಲ್ಲಿ ನೇರ ಪ್ರಸಾರವಾದ ವಿಚಾರಣೆಯ ಕೊನೆಗೆ, 2009ರ ಏಪ್ರಿಲ್ 7ರಂದು, ಬಾರಿಯೋಸ್ ಆಲ್ಟೋಸ್ ಮತ್ತು ಲಾ ಕಾಂಟೂಟಾ ಹತ್ಯೆಗಳಿಗಾಗಿ 25 ವರ್ಷಗಳ ಶಿಕ್ಷೆಯಾಯಿತು. 2017ರ ಕ್ರಿಸ್‌ಮಸ್ ಮುನ್ನಾದಿನ ಅಧ್ಯಕ್ಷ ಕುಸಿನ್ಸ್ಕಿ ನೀಡಿದ ಕ್ಷಮಾದಾನವನ್ನು ಮರುವರ್ಷ ನ್ಯಾಯಾಲಯ ರದ್ದುಗೊಳಿಸಿತು. ಸಂವಿಧಾನ ನ್ಯಾಯಮಂಡಲಿ ಅದನ್ನು ಮತ್ತೆ ಎತ್ತಿಹಿಡಿದ ಮೇಲೆ 2023ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ, 2024ರ ಸೆಪ್ಟೆಂಬರ್ 11ರಂದು ಲಿಮಾದಲ್ಲಿ ತೀರಿಕೊಂಡ. ಸರ್ಕಾರ ಮೂರು ದಿನಗಳ ಶೋಕಾಚರಣೆ ಘೋಷಿಸಿತು. ಹತರಾದವರ ಕುಟುಂಬಗಳು ಇದನ್ನು ಪ್ರತಿಭಟಿಸಿದವು.

ಈತನ ಹೆಸರಿನ ರಾಜಕೀಯ ಪಂಥವನ್ನು ಮುಂದುವರಿಸಿದ ಮಗಳು ಕೈಕೊ ಫುಜಿಮೋರಿ 2011, 2016 ಮತ್ತು 2021ರ ಚುನಾವಣೆಗಳ ಎರಡನೆಯ ಸುತ್ತಿನಲ್ಲಿ ಸೋತಳು, ಕೊನೆಯ ಎರಡರಲ್ಲಿ ಅತ್ಯಲ್ಪ ಅಂತರದಿಂದ. 1993ರ ಸಂವಿಧಾನ ತಿದ್ದುಪಡಿಗಳೊಂದಿಗೆ ಈಗಲೂ ಜಾರಿಯಲ್ಲಿದ್ದು, ಸತತ ಮರುಆಯ್ಕೆಯ ಅವಕಾಶವನ್ನು ಮಾತ್ರ ಫುಜಿಮೋರಿಯ ಪತನದ ಹೊತ್ತಿಗೇ ಕಿತ್ತುಹಾಕಲಾಗಿದೆ. 2022ರ ಡಿಸೆಂಬರ್ 7ರಂದು ಎಡಪಂಥೀಯ ಅಧ್ಯಕ್ಷ ಪೆಡ್ರೊ ಕಾಸ್ಟಿಯೊ ಸಂಸತ್ತನ್ನು ವಿಸರ್ಜಿಸುವುದಾಗಿ ದೂರದರ್ಶನದಲ್ಲಿ ಘೋಷಿಸಿದಾಗ ಸೈನ್ಯ ಆತನ ಜೊತೆ ನಿಲ್ಲಲಿಲ್ಲ, ಸಂಸತ್ತು ಕೆಲವೇ ಗಂಟೆಗಳಲ್ಲಿ ಸೇರಿ, ಫುಜಿಮೋರಿಯ ವಿರುದ್ಧ ಬಳಸಿದ್ದ ಅದೇ ನೈತಿಕ ಅಸಮರ್ಥತೆಯ ನಿಯಮದಡಿ ಆತನನ್ನು ಪದಚ್ಯುತಗೊಳಿಸಿತು.