ಬ್ರೀದರ್ ಪೈಪಿನ ಬಾಯಲ್ಲಿ ಎಣ್ಣೆ, ಕ್ಯಾಪಿನಲ್ಲಿ ನೀರು

ಆಷಾಢದ ಮಳೆ ಹಿಡಿಯಿತೆಂದರೆ ಬೆಳಗಾವಿಯ ಶಹಾಪುರದ ಕಡೆ ಹಳೆ ಲಾರಿಗಳದ್ದು ಒಂದೇ ನಮೂನೆಯ ದೂರು. ಆಯಿಲ್ ಕ್ಯಾಪ್ ತೆಗೆದರೆ ಒಳಮೈಗೆ ಹಾಲುಚಹಾ ಬಣ್ಣದ ಜಿಗುಟು. ಬ್ರೀದರ್ ಪೈಪಿನ ಬಾಯಲ್ಲಿ ಎಣ್ಣೆಯ ತೊಟ್ಟು. ‘ಸಾವ್ಕಾರ್ರ, ಬ್ಯಾಕ್ ಕಂಪ್ರೆಷನ್ ಐತ್ರಿ, ಇಂಜಿನ್ ಕೆಲಸಕ್ಕ ಬಂತು’ ಎಂದು ಯಾರಾದರೂ ಹೇಳಿಯೂ ಬಿಟ್ಟಿರುತ್ತಾರೆ. ಎಷ್ಟೋ ಸಲ ಇದು ಅವಸರದ ತೀರ್ಪು.

ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಚೇಂಬರಿಗೆ ಇಳಿಯುವ ಗ್ಯಾಸಿಗೆ. ಶೋರೂಮಿನಿಂದ ಈಗಷ್ಟೇ ಹೊರಬಿದ್ದ ಇಂಜಿನ್ನಿನಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ, ಚೂರುಪಾರು ಚೇಂಬರಿಗೆ ಇಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದಿದ್ದರೆ ಅದೂ ಬ್ರೀದರಿನಿಂದ ಹೊರಬೀಳುತ್ತದೆ. ಶಹಾಪುರದಲ್ಲಿ ಮಾಲು ತುಂಬಿ ಉದ್ಯಮಬಾಗದಲ್ಲಿ ಇಳಿಸಿ ಆಫ್ ಮಾಡುವ ಗಾಡಿ ಕಾಯುವುದೇ ಇಲ್ಲ. ಆವಿ ತಣ್ಣನೆಯ ಟ್ಯಾಪೆಟ್ ಕವರಿಗೆ ತಾಗಿ ನೀರಾಗಿ, ಎಣ್ಣೆಯೊಡನೆ ಕಲೆತು ಬೆಣ್ಣೆಯಂತಾಗುತ್ತದೆ.

ಬ್ರೀದರ್ ಹೊರಬಿಡುವ ಚೇಂಬರಿನ ಈ ಉಸಿರನ್ನು ಎಲ್ಲಿಗೆ ಬಿಡಬೇಕು ಎಂಬ ಪ್ರಶ್ನೆಗೆ ಮೊದಲ ಕಾಲದವರ ಉತ್ತರ ಸರಳ: ರಸ್ತೆಗೆ. ಚೇಂಬರಿನಿಂದ ಒಂದು ಪೈಪು ಕೆಳಗಿಳಿಸಿ ಬಾಯನ್ನು ಓರೆಯಾಗಿ ಕತ್ತರಿಸಿದರೆ ಓಡುವ ಗಾಡಿಯ ಗಾಳಿಯೇ ಒಳಗಿನದನ್ನು ಎಳೆದುಕೊಳ್ಳುತ್ತಿತ್ತು. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗೂಡಿ ಟೆಲ್ಕೊ ಲಾರಿ ಕಟ್ಟತೊಡಗಿದಾಗಲೂ, ಮರುವರ್ಷ ಅಶೋಕ್ ಲೇಲ್ಯಾಂಡ್ ಹೆಸರು ಬಂದಾಗಲೂ ನಮ್ಮ ಲಾರಿಗಳು ಹೊರಗೇ ಉಸಿರು ಬಿಡುತ್ತಿದ್ದವು. ಆದರೆ ಎಳೆತ ಬೇಕಾದಾಗಲೇ ಸಿಗದು. ಲೋಡ್ ಹೊತ್ತು ಚೋರ್ಲಾ ಘಾಟ್ ಏರುವಾಗ ಬ್ಯಾಕ್ ಕಂಪ್ರೆಷನ್ ಅತಿ ಹೆಚ್ಚು, ಗಾಡಿಯ ವೇಗವೋ ಎತ್ತಿನ ಬಂಡಿಯದು. ಮೇಲಾಗಿ ಖಾನಾಪುರ, ಲೋಂಡಾ ಕಡೆಯ ಕೆಂಪು ರಾಡಿ ಪೈಪಿನ ಬಾಯಿಗೇ ಮೆತ್ತುತ್ತದೆ.

ಬದಲಾವಣೆ ಮೊದಲು ಆದದ್ದು ಪೆಟ್ರೋಲ್ ಇಂಜಿನ್ನಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹೊಳೆ ದಾಟಬೇಕಿದ್ದ ಸೇನಾ ವಾಹನಗಳಿಗೆ ಕೆಳಮುಖದ ಪೈಪೇ ಮುಳುವಾಗುತ್ತಿತ್ತು. ಅದಕ್ಕಾಗಿ ಉಸಿರನ್ನು ಇಂಜಿನ್ನಿಗೇ ಮರಳಿ ಕುಡಿಸುವ ಏರ್ಪಾಡು ಬಂತು. 1950ರ ದಶಕದಲ್ಲಿ ಲಾಸ್ ಏಂಜಲೀಸಿನ ಹೊಗೆಮಂಜಿಗೆ ವಾಹನಗಳು ಉಗುಳುವ ಉರಿಯದ ಇಂಧನವೂ ಕಾರಣವೆಂದು ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. 1961ರ ಮಾಡೆಲಿನಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ ಚೇಂಬರಿನ ಉಸಿರನ್ನು ಇಂಜಿನ್ನಿಗೇ ಮರಳಿಸುವ ಪಿಸಿವಿ ವಾಲ್ವ್ ಬಂತು. ಡೀಸೆಲ್ ಮಾತ್ರ ಬಹುಕಾಲ ಪಾರಾಯಿತು. ಅದರ ಗಾಳಿದಾರಿಯಲ್ಲಿ ಪೆಟ್ರೋಲಿನಂತೆ ಥ್ರಾಟಲ್ ಇಲ್ಲ, ಹಾಗಾಗಿ ಎಳೆಯುವ ನಿರ್ವಾತವೂ ಇಲ್ಲ. ಅಮೆರಿಕದಲ್ಲೇ ಟರ್ಬೊ ಇರುವ ಭಾರಿ ಡೀಸೆಲ್‌ಗಳ ಬ್ರೀದರಿಗೆ ಕಡಿವಾಣ ಬಿದ್ದದ್ದು 2007ರಲ್ಲಿ.

ನಮ್ಮಲ್ಲಿ ತಿರುವು ಕೊಟ್ಟದ್ದು ಟರ್ಬೊ. ಲಾರಿಗಳಿಗೆ ಇಂಥ ಇಂಜಿನ್ ಮಾಡುವ ಟಾಟಾ ಕಮಿನ್ಸ್ 1993ರಲ್ಲಿ ಹುಟ್ಟಿತು. ಬರಬರುತ್ತಾ ಟರ್ಬೊ ಇಂಜಿನ್ನುಗಳೇ ರಸ್ತೆ ತುಂಬಿದವು. ಸಿಲಿಂಡರಿನ ಒತ್ತಡದ ಜೊತೆ ನುಸುಳುವ ಗ್ಯಾಸೂ ಏರಿತು. ಅದನ್ನು ಟರ್ಬೊದ ಬಾಯಿಗೆ ಹಾಗೆಯೇ ಬಿಟ್ಟರೆ ಇಂಟರ್‌ಕೂಲರ್ ತುಂಬ ಎಣ್ಣೆ. ಆದ್ದರಿಂದ ಮೊದಲು ಎಣ್ಣೆ ಬೇರೆ ಮಾಡುವ ಸೆಪರೇಟರ್ ಬೇಕಾಯಿತು. ಅದರ ತಿರುಗುವ ಜಾತಿಯದಕ್ಕೆ ಮೂಲಪುರುಷ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ 1878ರಲ್ಲಿ ಹಾಲಿನ ಕೆನೆ ತೆಗೆಯಲು ಮಾಡಿದ ಯಂತ್ರ. ಹಾಲಿನ ಸಿಹಿ ಕುಂದಾದ ಊರಾದ ಬೆಳಗಾವಿಯವರು ನೆನಪಿಡಬೇಕಾದ ಸಂಬಂಧ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದಲ್ಲಿ ಈ ಉಸಿರೂ ಲೆಕ್ಕಕ್ಕೆ ಬಿತ್ತು.

ಡೀಸೆಲ್ಲೂ ಬದಲಾಯಿತು. ಬಿಎಸ್-2ರ ಡೀಸೆಲ್ಲಿನಲ್ಲಿ ಗಂಧಕ 500 ಪಿಪಿಎಂವರೆಗೆ ಇರಬಹುದಿತ್ತು, ಬಿಎಸ್-6ರಲ್ಲಿ 10. ಗಂಧಕದ ಹೊಗೆ ನೀರಿನೊಡನೆ ಸೇರಿದರೆ ಆಮ್ಲವಾಗಿ ಬೇರಿಂಗ್ ತಿನ್ನುತ್ತದೆ. ಹಾಗಾಗಿ ಚೇಂಬರಿನ ತೇವ ಅಂದು ಮಾಡುತ್ತಿದ್ದಷ್ಟು ಹಾಳು ಇಂದು ಮಾಡದು. ಹಳೆ ಮಿಸ್ತ್ರಿಗಳ ಹೆದರಿಕೆಗೆ ಕಾರಣವಿತ್ತು.

ಇನ್ನು ಪತ್ತೆಯ ಮಾತು. ಜಿಗುಟು ಕ್ಯಾಪಿನಲ್ಲಿ ಮಾತ್ರ ಇದ್ದು ಗೇಜಿನ ಕಡ್ಡಿ ಶುದ್ಧವಿದ್ದರೆ ಗಾಡಿಯನ್ನು ಒಮ್ಮೆ ದೂರ ಓಡಿಸಿ ಕಾಯಿಸಿ. ಬಹಳ ಸಲ ಅಷ್ಟೇ ಸಾಕು. ಕಡ್ಡಿಯಲ್ಲೂ ಹಾಲುಬಣ್ಣವಿದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಕತೆ ಬೇರೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಡ್ರೈನ್ ಬೋಲ್ಟ್ ಮೆಲ್ಲಗೆ ಸಡಿಲಿಸಿದರೆ ತಳಕ್ಕಿಳಿದ ನೀರು ಮೊದಲು ಬರುತ್ತದೆ. ಕಾದ ತಗಡಿನ ಮೇಲೆ ಎಣ್ಣೆಯ ಹನಿ ಬಿಟ್ಟರೆ ಚಟಪಟ ಎನ್ನುತ್ತದೆ. ಆಗ ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್, ಲೈನರಿನ ಓ-ರಿಂಗ್ ನೋಡಬೇಕು. ಚೇಂಬರ್ ಇಳಿಸಿ ರೇಡಿಯೇಟರಿಗೆ ಒತ್ತಡ ಕೊಟ್ಟು ಕೆಳಗೆ ಮಲಗಿದರೆ ಯಾವ ಲೈನರಿನ ಬುಡದಿಂದ ಹನಿ ಜಾರುತ್ತದೆಂದು ಕಣ್ಣಿಗೇ ಕಾಣುತ್ತದೆ.

ಎಣ್ಣೆ ಉಗುಳುವ ಗಾಡಿಗೆ ಮೊದಲು ಬ್ರೀದರಿನ ಜಾಳಿ ಬಿಚ್ಚಿ. ಮಸಿ ಕಟ್ಟಿ ಅದು ಮುಚ್ಚಿಕೊಂಡರೆ ಒಳಗಿನ ಒತ್ತಡ ಟ್ಯಾಪೆಟ್ ಪ್ಯಾಕಿಂಗ್‌ನಲ್ಲೋ ಹಿಂದಿನ ಆಯಿಲ್ ಸೀಲಿನಲ್ಲೋ ದಾರಿ ಮಾಡಿಕೊಳ್ಳುತ್ತದೆ. ಕ್ಲಚ್ ಪ್ಲೇಟ್ ತೊಯ್ಯುತ್ತದೆ. ಕ್ಯಾಪನ್ನು ಬೋರಲು ಇಟ್ಟು ಕುಣಿಯುತ್ತದೆಯೇ ಎಂದು ನೋಡುವ ಪದ್ಧತಿ ಎಲ್ಲೆಡೆ ಇದೆ, ಆದರೆ ಇಂಜಿನ್ನಿನ ನಡುಕವೂ ಅದನ್ನು ಕುಣಿಸಬಲ್ಲದು. ಗೇಜಿನ ತೂತಿಗೆ ಪಾರದರ್ಶಕ ನಳಿ ಸಿಕ್ಕಿಸಿ, ಯು ಆಕಾರದಲ್ಲಿ ನೀರು ತುಂಬಿ ಎಷ್ಟು ಇಂಚು ಏರಿತೆಂದು ಅಳೆಯುವುದು ನನಗೆ ಹೆಚ್ಚು ನಂಬಿಕೆಯ ದಾರಿ.

ಒಂದು ಮಳೆಗಾಲ ನಾನು ಕಂಡ ಗಾಡಿಗೆ ಆಗಲೇ ‘ಬೋರ್ ಕೆಲಸ’ ಎಂದು ತೀರ್ಪಾಗಿತ್ತು. ವಯಸ್ಸಾದ ಮಿಸ್ತ್ರಿಯೊಬ್ಬರು ಬಗ್ಗಿ ಬ್ರೀದರಿಗೆ ಅಂಗೈ ಒಡ್ಡಿದರು. ‘ತಮ್ಮಾ, ಟ್ಯಾಂಕಿಗೆ ಗಾಳಿ ತುಂಬೂತನಕ ಅಷ್ಟ ಪುಸುಪುಸು ಅಂತೈತಿ, ನೋಡ’ ಎಂದರು. ಬ್ರೇಕಿನ ಏರ್ ಕಂಪ್ರೆಸರಿನ ಡೆಲಿವರಿ ಪೈಪ್ ಸಡಿಲಿಸಿದೊಡನೆ ಉಸಿರು ಅರ್ಧಕ್ಕಿಳಿಯಿತು. ಕಂಪ್ರೆಸರಿನ ರಿಂಗ್ ಸವೆದು, ಅದರ ಗಾಳಿ ಎಣ್ಣೆ ವಾಪಸಾಗುವ ದಾರಿಯಲ್ಲೇ ಚೇಂಬರಿಗೆ ನುಗ್ಗುತ್ತಿತ್ತು. ಸಂಜೆಯ ಹೊತ್ತಿಗೆ ಕಂಪ್ರೆಸರ್ ಬಿಚ್ಚಿ ಬೆಂಚಿನ ಮೇಲಿತ್ತು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ ಕ್ಲೀನರ್ ಹುಡುಗ ಬ್ರೀದರಿನ ಜಾಳಿಯನ್ನು ಡೀಸೆಲ್ಲಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದ.